ಅಪ್‌ಡೇಟ್: ಕಣಗಿಲೆ ಕೇಸಿನಲ್ಲಿ ಕಾಣದ ಪೀಕ್ ಸಿಕ್ಕಿತು

ಹೋದ ವಾರ ಕೇಳಿದ್ದು ಇಷ್ಟು: ಹಾಸನ ಕಡೆಯ ವಿಷ ಸೇವನೆಯ ಕೇಸ್, ಸ್ಯಾಂಪಲ್ ಜೊತೆಗಿನ ಚೀಟಿಯಲ್ಲಿ 'ಕಣಗಿಲೆ ಬೀಜ' ಅಂತಿದೆ. ಡಿಗಾಕ್ಸಿನ್ (ಹೃದಯದ ಔಷಧಿ) ಮಾತ್ರೆಯನ್ನೇ ತಗೊಳ್ಳದವರ ಸೀರಂನಲ್ಲಿ (ರಕ್ತದ ತಿಳಿ ಭಾಗ) ಪರೀಕ್ಷಾ ಕಿಟ್ ಡಿಗಾಕ್ಸಿನ್ ಮಿ.ಲೀ.ಗೆ 0.6 ನ್ಯಾನೋಗ್ರಾಂ ತೋರಿಸ್ತಿದೆ, ಎಲ್‌ಸಿ-ಎಂಎಸ್‌ನಲ್ಲಿ (ವಸ್ತುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸೋ ಯಂತ್ರ) ಮಾತ್ರ ಕಣಗಿಲೆ ವಿಷ ಓಲಿಯಾಂಡ್ರಿನ್‌ನ ಪೀಕೇ (ಅದು ಇದೆ ಅಂತ ತೋರಿಸೋ ಏರು) ಇಲ್ಲ.

"ಮೊದಲು ಯಾವ ಕಣಗಿಲೆ ಅಂತ ನೋಡಿ" ಅಂದವರ ಮಾತೇ ಸರಿಯಾಯ್ತು. ಅದು ಬೇಲಿಯ ಹಳದಿ ಹೂವಿನದು. ಓಲಿಯಾಂಡ್ರಿನ್ ಇರೋದು ಕೆಂಪು, ಬಿಳಿ ಹೂವಿನ ಕಣಗಿಲೆಯಲ್ಲಿ. ಹಳದಿಯದರಲ್ಲಿ ಥೆವೆಟಿನ್, ನೆರಿಫೋಲಿನ್. ಹೆಸರೊಂದೇ, ವಿಷ ಬೇರೆ! ಯಂತ್ರದಲ್ಲಿ ಓಲಿಯಾಂಡ್ರಿನ್‌ನ ಅಯಾನು ತೂಕ (m/z) 577 ಬಿಟ್ಟು ನೆರಿಫೋಲಿನ್‌ನ 535 ಹುಡುಕಿದಾಗ ಪೀಕ್ ಬಂತು, ಸ್ಟ್ಯಾಂಡರ್ಡ್ (ಹೋಲಿಕೆಗೆ ಇಟ್ಟ ಶುದ್ಧ ನೆರಿಫೋಲಿನ್) ಜೊತೆ ಪೀಕ್ ಬರೋ ಸಮಯವೂ ಕೂಡಿತು. ಮೊದಲು ಅದೂ ತೀರಾ ಸಣ್ಣದಿತ್ತು, ಸೋಡಿಯಂ ಅಂಟಿ 557ಕ್ಕೆ ಹೋಗ್ತಿತ್ತು. ಮೊಬೈಲ್ ಫೇಸ್‌ಗೆ (ಯಂತ್ರದೊಳಗೆ ಸ್ಯಾಂಪಲ್ ಹೊತ್ತೊಯ್ಯೋ ದ್ರವ) ಅಮೋನಿಯಂ ಫಾರ್ಮೇಟ್ ಹಾಕಿದ ಮೇಲೆ ಸುಧಾರಿಸಿತು.

ಸ್ಯಾಂಪಲ್ ಒಣಗಿಸಿ ಗಾಢ ಮಾಡೋ ಸಲಹೆ ಕೆಲಸ ಮಾಡಲಿಲ್ಲ. ಸೀರಂನ ಫಾಸ್ಫೋಲಿಪಿಡ್ (ಕೊಬ್ಬಿನಂಥ ಅಂಶ) ಕೂಡ ಜಾಸ್ತಿಯಾಗಿ ಸಿಗ್ನಲ್ ಇನ್ನೂ ಕುಗ್ಗಿತು.

ಆ 0.6 ಬರೀ ಅಡ್ಡ ಪ್ರತಿಕ್ರಿಯೆ, ಅಂದ್ರೆ ಕಿಟ್ ಕಣಗಿಲೆ ವಿಷವನ್ನೇ ಡಿಗಾಕ್ಸಿನ್ ಅಂದುಕೊಂಡಿದ್ದು. ಕಿಟ್ ಬದಲಾದರೆ ಅಂಕಿಯೂ ಬದಲು, ಅದರಿಂದ ವಿಷದ ಪ್ರಮಾಣ ಅಳೆಯೋಕಾಗಲ್ಲ. ಸೊನ್ನೆ ಬಂದರೂ ವಿಷ ಇಲ್ಲ ಅಂತಲ್ಲ. ಇಸಿಜಿ, ಪೊಟ್ಯಾಸಿಯಂ ನೋಡ್ತಾನೇ ಇರಬೇಕು. ಹೀಮೋಲೈಸ್ ಆದ (ಕೆಂಪು ರಕ್ತಕಣ ಒಡೆದ) ಸ್ಯಾಂಪಲ್‌ನ ಪೊಟ್ಯಾಸಿಯಂ ಮಾತ್ರ ನಂಬಬೇಡಿ.