ಸಬ್ (ತಗ್ಗು ಸ್ವರಕ್ಕೆಂದೇ ಇರುವ ಸಬ್‌ವೂಫರ್ ಸ್ಪೀಕರ್) ಕಟ್ಟಿದ ಕೂಡಲೇ ಆಂಪ್ (ಆಂಪ್ಲಿಫೈಯರ್) ಬಂದ್, ಆರ್‌ಸಿಎ ಸಿಗ್ನಲ್ ವಯರಿನಲ್ಲಿ ಹಾಕಿದರೆ ಗುಂಯ್. 8 ಇಂಚು ತಗೊಳ್ಳುವುದಾ, 12 ಇಂಚಾ?

ಕುಂಬಳೆ_ಕೇಳುಗ:
ಕೋಣೆ 4.2 × 3.3 ಮೀಟರ್. ಮುರಕಲ್ಲಿನ ಗೋಡೆ, ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಹಂಚು. ಐದು ಇಂಚು ವೂಫರಿನ ಬುಕ್‌ಶೆಲ್ಫ್ ಸ್ಪೀಕರ್, ಟಿಪಿಎ3255 ಚಿಪ್ಪಿನ ಆಂಪ್, 48 ವೋಲ್ಟ್ ಅಡಾಪ್ಟರ್, ಲ್ಯಾಪ್‌ಟಾಪಿಗೆ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಡಿಯೋ ಸಿಗ್ನಲ್ ಮಾಡುವ ಡಬ್ಬಿ). ಆಂಪಿಗೆ ಸಬ್ ಔಟ್ ಇಲ್ಲ. ಭಾವನ ಹೋಮ್ ಥಿಯೇಟರಿನ 10 ಇಂಚು ಪೋರ್ಟೆಡ್ (ಪೆಟ್ಟಿಗೆಗೆ ಗಾಳಿಯ ಕೊಳವೆ ಇರುವ) ಸಬ್ ಈಗ ಪರೀಕ್ಷೆಗೆ ಉಂಟು. ಅದರ ಸ್ಪೀಕರ್ ಲೆವೆಲ್ ಇನ್‌ಪುಟ್ಟಿಗೆ ಆಂಪಿನಿಂದ ವಯರ್ ಎಳೆದರೆ ಆಂಪ್ ಪ್ರೊಟೆಕ್ಷನ್‌ಗೆ ಹೋಗ್ತದೆ, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಂದ್ ಆಗ್ತದೆ. ಡ್ಯಾಕ್‌ನಿಂದ ವೈ ಕೇಬಲ್ (ಆಂಪಿಗೂ ಸಬ್ಬಿಗೂ ಕವಲಾಗುವ ಆರ್‌ಸಿಎ ವಯರ್) ಹಾಕಿದರೆ ಕೆಲಸ ಮಾಡ್ತದೆ, ಆದರೆ ಹಿಂದೆ ಗುಂಯ್ ಅಂತ ಸದ್ದು. ಸೋಫಾದಲ್ಲಿ ಕೂತರೆ ಬೇಸ್ ಗಿಟಾರಿನ ಕೆಲವೇ ಸ್ವರ ಉಬ್ಬಿ ಕೇಳ್ತದೆ, ಕೋಣೆಯ ನಡುವೆ ನಿಂತರೆ ಅದೇ ಸ್ವರ ಮಾಯ. ಸೋಫಾ ಹಿಂಗೋಡೆಗೆ ತಾಗಿ ಉಂಟು, ಸಬ್ ಎದುರಿನ ಮೂಲೆಯಲ್ಲಿ. ಹೊಸದು ತೆಗೆಯುವುದಾದರೆ ಯಾವ ಸೈಜ್?

ಸೋಲ್ಡರ್_ಕಡ್ಡಿ:
ಮೊದಲು ಆ ಸ್ಪೀಕರ್ ಲೆವೆಲ್ ವಯರ್ ಬಿಚ್ಚಿಡಿ ಮಾರಾಯ್ರೇ. ಟಿಪಿಎ3255 ಸ್ಟೀರಿಯೋದಲ್ಲಿ ಬ್ರಿಡ್ಜ್ ಆಗಿ, ಅಂದರೆ ಸ್ಪೀಕರಿನ ಎರಡೂ ತುದಿಯನ್ನು ನಡೆಸುತ್ತಾ, ಓಡುವ ಚಿಪ್. ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರ್ತದೆ. ಹೆಚ್ಚಿನ ಸಬ್‌ಗಳ ಒಳಗೆ ಎಡ ಬಲ ಎರಡರ ಮೈನಸ್ ಒಂದೇ ಗ್ರೌಂಡಿಗೆ ಸೇರಿರ್ತದೆ. ನೀವು ಕಟ್ಟಿದ ಹಾಗೆ ಎರಡು ಔಟ್‌ಪುಟ್ ಒಂದಕ್ಕೊಂದು ಶಾರ್ಟ್. ಪ್ರೊಟೆಕ್ಷನ್ ಇದ್ದ ಕಾರಣ ಚಿಪ್ ಉಳಿಯಿತು.

"ಸಬ್‌ನ ಕಪ್ಪು ವಯರನ್ನು ಆಂಪಿನ ಚಾಸಿಗೆ ಕಟ್ಟಿ" ಅಂತ ಸಲಹೆ ಸಿಗ್ತದೆ, ನಿಮ್ಮ ಆಂಪಿಗೆ ಅದೂ ಬೇಡ. ಒಂದೇ ಸಪ್ಲೈಯಲ್ಲಿ ಓಡುವುದರಿಂದ ಪ್ರತಿ ಟರ್ಮಿನಲ್ಲಿನಲ್ಲೂ ಗ್ರೌಂಡಿಗೆ ಹೋಲಿಸಿದರೆ ಸಪ್ಲೈಯ ಅರ್ಧ, ಅಂದರೆ ಸುಮಾರು 24 ವೋಲ್ಟ್ ಡಿಸಿ ನಿಂತಿರ್ತದೆ. ಮಲ್ಟಿಮೀಟರಿನಲ್ಲಿ ಆರ್‌ಸಿಎಯ ಹೊರ ಬಳೆಗೂ ಸ್ಪೀಕರ್ ಟರ್ಮಿನಲ್ಲಿಗೂ ಇಟ್ಟು ನೋಡಿ, ಕಾಣ್ತದೆ. ಪ್ಲಸ್ ಮೈನಸ್ ನಡುವೆ ಅಳೆದರೆ ಮಾತ್ರ ಸೊನ್ನೆ, ಹಾಗಾಗಿ ಸ್ಪೀಕರಿಗೆ ಏನೂ ಆಗುವುದಿಲ್ಲ.

ವೈ ಕೇಬಲ್ಲೇ ನಿಮಗೆ ಸರಿ ದಾರಿ. ಆಂಪ್ ನಾಬನ್ನು ಒಂದು ಗುರುತಿನಲ್ಲಿ ಬಿಟ್ಟು ವಾಲ್ಯೂಮ್ ಲ್ಯಾಪ್‌ಟಾಪಿನಲ್ಲೇ ಮಾಡಿ. ನಾಬ್ ತಿರುಗಿಸಿದರೆ ಸ್ಪೀಕರ್ ಮಾತ್ರ ಏರಿಳಿಯುತ್ತದೆ, ಸಬ್ ಇದ್ದಲ್ಲೇ ಇರ್ತದೆ, ಇಬ್ಬರ ಅಳತೆ ತಪ್ತದೆ.

ಗುಂಯ್‌ಗೆ: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಗ್ರೌಂಡ್ ವಯರ್‌ಗಳು ಸುತ್ತು ಸೇರಿ ಬರುವ ಸದ್ದು. ಎಲ್ಲವನ್ನೂ ಒಂದೇ ಬೋರ್ಡಿಗೆ ತನ್ನಿ, ಸಾಲದಿದ್ದರೆ ಯುಎಸ್‌ಬಿ ಐಸೊಲೇಟರ್ (ಲ್ಯಾಪ್‌ಟಾಪಿನ ಗ್ರೌಂಡನ್ನು ಬೇರ್ಪಡಿಸುವ ಡಬ್ಬಿ). ಅಗ್ಗದ ಆಡಿಯೋ ಐಸೊಲೇಟರ್ ಡಬ್ಬಿ ಸಬ್ ದಾರಿಗೆ ಹಾಕಬೇಡಿ. ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ ತಗ್ಗು ಸ್ವರದಲ್ಲೇ ಸ್ಯಾಚುರೇಟ್ ಆಗಿ ಸದ್ದು ಕೆಡ್ತದೆ. ಅರ್ಥ್ ಪಿನ್ ಮುರಿಯುವ ಬುದ್ಧಿ ಯಾರು ಹೇಳಿದರೂ ಕೇಳಬೇಡಿ.

ಮುರಕಲ್ಲು:
ಉಬ್ಬುವುದು ಸಬ್ ಅಲ್ಲ, ಕೋಣೆ. ನಮ್ಮ ಸೆಕೆಗೆ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಗೋಡೆಗಳ ನಡುವೆ ಮೊಳಗುವ ಸ್ವರ (ಮೋಡ್) ಯಾವುದೆಂದು ತಿಳಿಯಲು ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿ: 4.2ಕ್ಕೆ 41.5 ಹರ್ಟ್ಸ್, 3.3ಕ್ಕೆ 53. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಸ್, ನೇರ ಅದರ ಮೇಲೇ ಬಿತ್ತು. ಈ ಮೋಡ್‌ಗಳ ಒತ್ತಡ ಗೋಡೆಯ ಬುಡದಲ್ಲಿ ಅತಿ ಹೆಚ್ಚು, ನಡುವಿನಲ್ಲಿ ಸೊನ್ನೆಯ ಹತ್ತಿರ. ನೀವು ಕೂರುವುದು ಹೆಚ್ಚಿದ್ದಲ್ಲಿ, ನಿಂತದ್ದು ಇಲ್ಲದಲ್ಲಿ. ದಪ್ಪ ಮುರಕಲ್ಲು ಅಲುಗುವುದಿಲ್ಲ, ತಗ್ಗು ಸ್ವರ ವಾಪಸ್ಸು ಬರ್ತದೆ. ಮುಚ್ಚಿಗೆಯ ಕಡೆ ಸೋರಿ ಹೋಗುವ ಕಾರಣ ಎತ್ತರದ ಮೋಡ್ ಅಷ್ಟು ತೊಂದರೆ ಕೊಡುವುದಿಲ್ಲ.

ಸೋಫಾ ಹಿಂಗೋಡೆಯಿಂದ ಒಂದು ಮೀಟರ್ ಮುಂದೆ ತನ್ನಿ. ಆಮೇಲೆ ಸಬ್ಬನ್ನು ಸೋಫಾದ ಮೇಲೆ ತಲೆ ಇರುವಲ್ಲಿ ಇಟ್ಟು, ಬೇಸ್ ಗಿಟಾರ್ ಹಾಡು ಹಾಕಿ, ನೀವು ಗೋಡೆಯ ಬದಿಯಲ್ಲಿ ಬಗ್ಗಿ ನಡೆಯಿರಿ. ಎಲ್ಲಿ ಎಲ್ಲ ಸ್ವರ ಒಂದೇ ಸಮ ಕೇಳ್ತದೋ ಅಲ್ಲಿಗೆ ಸಬ್. ನೋಡಿದವರು ನಗ್ತಾರೆ, ನಗಲಿ.

ಸಬ್‌ನ ಲೋ ಪಾಸ್ ನಾಬ್ (ಅದು ಎಷ್ಟು ಹರ್ಟ್ಸ್ ವರೆಗೆ ನುಡಿಸಬೇಕೆಂದು ಹೇಳುವುದು) 60 ಹರ್ಟ್ಸಿನಿಂದ ಶುರು ಮಾಡಿ. 60 ಹರ್ಟ್ಸ್ ಟೋನ್ ಹಾಕಿ ಫೇಸ್ ಸ್ವಿಚ್ 0ಗೂ 180ಕ್ಕೂ ತಿರುಗಿಸಿ, ಸೋಫಾದಲ್ಲಿ ಯಾವುದು ಜೋರೋ ಅದೇ ಸರಿ. ಗೇನ್ (ಸಬ್‌ನ ವಾಲ್ಯೂಮ್) ಕೊನೆಗೆ, ಸೊನ್ನೆಯಿಂದ ಮೇಲಕ್ಕೆ. ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾದರೆ ಹೆಚ್ಚಾಯಿತು.

ಸೋಲ್ಡರ್_ಕಡ್ಡಿ:
ಸೈಜಿನ ವಿಷಯ. ಕೇಳುವುದು ಕಛೇರಿ, ತಾಳಮದ್ದಳೆ ಮಾತ್ರವಾದರೆ ಸಬ್ ಬೇಕಾ ಅಂತಲೇ ನನ್ನ ಪ್ರಶ್ನೆ. ಕರಿ ಒಂದು ಶ್ರುತಿಯಲ್ಲಿ ಗಂಡಸರ ತಂಬೂರಿಯ ಮಂದ್ರ ಷಡ್ಜವೇ ಸುಮಾರು 69 ಹರ್ಟ್ಸ್, ಐದು ಇಂಚು ಅಲ್ಲಿಗೆ ಬಹುಮಟ್ಟಿಗೆ ಮುಟ್ತದೆ. ಸಿನಿಮಾ ಹಾಡು, ಜಾಝ್ ಇದ್ದರೆ ಬೇಕು.

"12 ಇಂಚು ನಿಧಾನ" ಅನ್ನುವುದು ಬರೀ ಮಾತು. ಅಷ್ಟೇ ಸದ್ದಿಗೆ ದೊಡ್ಡ ಕೋನ್ ಕಡಿಮೆ ಓಡಾಡುತ್ತದೆ. ಎಳೆದ ಹಾಗೆ ಕೇಳುವುದು ಕೋಣೆಯ ಮೊಳಗು. ಆದರೂ ನಿಮ್ಮ ಜಾಗಕ್ಕೆ ಸೀಲ್ಡ್ (ಕೊಳವೆ ಇಲ್ಲದ ಮುಚ್ಚಿದ ಪೆಟ್ಟಿಗೆಯ) 10 ಇಂಚು ಒಂದು ಸಾಕು. ಸಬ್‌ನ ಮಿತಿಗಿಂತ ಕೆಳಗೆ ಹೋದ ಹಾಗೆ ಸೀಲ್ಡ್‌ನ ಸದ್ದು ಆಕ್ಟೇವಿಗೆ (ಹರ್ಟ್ಸ್ ಅರ್ಧವಾದಾಗಲೆಲ್ಲ) 12 ಡಿಬಿ ಇಳಿಯುತ್ತದೆ, ಪೋರ್ಟೆಡ್ 24. ಸಣ್ಣ ಕೋಣೆಯೇ ತಗ್ಗನ್ನು ಎತ್ತಿಕೊಡುವ ಕಾರಣ ಸೀಲ್ಡ್‌ನ ನಿಧಾನ ಇಳಿತ ಹೊಂದಿಕೊಳ್ತದೆ. ಅದೇ ಹಣಕ್ಕೆ ಎರಡು 8 ಇಂಚು ಬಂದರೆ ಇನ್ನೂ ಒಳ್ಳೆಯದು: ಮುಂಗೋಡೆ, ಹಿಂಗೋಡೆಗಳ ನಡುಮಧ್ಯದಲ್ಲಿ ಒಂದೊಂದು ಇಟ್ಟರೆ ಆ 41.5 ಕೂಡ, 53 ಕೂಡ ಎಬ್ಬಿಸಲ್ಪಡುವುದಿಲ್ಲ. ಆಡಿಯೋ ಕಂಪನಿ ಹರ್ಮನ್‌ನ ಟಾಡ್ ವೆಲ್ಟಿ 2002ರಲ್ಲಿ ತೋರಿಸಿದ್ದೂ ಎದುರು ಬದುರು ಗೋಡೆಗಳ ನಡುಮಧ್ಯದ ಜಾಗ ಒಳ್ಳೆಯದೆಂದೇ.

ಕೊಳ್ಳುವಾಗ ಕೋನಿನ ಅಂಚು ರಬ್ಬರ್ ಇರಲಿ. ಫೋಮ್ ಆದರೆ ಕರಾವಳಿಯ ತೇವಕ್ಕೆ ಪುಡಿಯಾಗ್ತದೆ. ಪಿಎಂಪಿಒ (ಜಾಹೀರಾತಿಗೆ ಉಬ್ಬಿಸಿದ ವಾಟ್) ಬರೆದದ್ದನ್ನು ಓದಲೇಬೇಡಿ, ಆರ್‌ಎಂಎಸ್ (ಸತತವಾಗಿ ಕೊಡುವ ವಾಟ್) ನೋಡಿ.

ಕುಂಬಳೆ_ಕೇಳುಗ:
ಚಾರ್ಜರ್ ಕಿತ್ತರೆ ಗುಂಯ್ ನಿಂತಿತು. ಸೋಫಾ ಎಳೆದದ್ದರಲ್ಲೇ ಅರ್ಧ ಸರಿಯಾಯ್ತು. ಈಗ 50 ಹರ್ಟ್ಸಿನ ಸುತ್ತ ಮುಚ್ಚಿಗೆಯ ಕಡೆ ಎಲ್ಲೋ ಗರಗರ.

ಮುರಕಲ್ಲು:
30ರಿಂದ 80 ಹರ್ಟ್ಸಿಗೆ ನಿಧಾನ ಏರುವ ಟೋನ್ ಹಾಕಿ, ಗರಗರ ಬಂದಲ್ಲಿ ನಿಲ್ಲಿಸಿ. ಏಣಿ ಹತ್ತಿ ಮುಚ್ಚಿಗೆಯ ಹಲಗೆ ಒಂದೊಂದಾಗಿ ಒತ್ತಿ. ಅದಕ್ಕಿಂತ ಮೊದಲು ಫ್ಯಾನಿನ ಮೇಲಿನ ಬಟ್ಟಲು, ಫೋಟೋದ ಗಾಜು, ಕಿಟಕಿಯ ಕೊಂಡಿ ನೋಡಿ, ಹೆಚ್ಚಾಗಿ ಕಳ್ಳ ಅಲ್ಲೇ ಇರ್ತಾನೆ. ಹಲಗೆಯೇ ಆದರೆ ಸಂದಿಗೆ ಫೆಲ್ಟ್ ತುಂಡು ಸಾಕು. ಇನ್ನೊಂದು, ಆಟೋ ಸ್ಟ್ಯಾಂಡ್‌ಬೈಯಲ್ಲಿದ್ದರೂ ಸಬ್ ಕರೆಂಟಿಗೆ ಸೇರಿಯೇ ಇರ್ತದೆ. ತುಲಾ ತಿಂಗಳ ಸಿಡಿಲಿಗೆ ಪ್ಲಗ್ ಕಿತ್ತಿಡಿ.