ಫಲಕಗಳ ಅಂಚಿನಿಂದ ದೂರದಲ್ಲಿ ಜ್ವಾಲಾಮುಖಿ ಹುಟ್ಟುವುದು ಹೇಗೆ?

ಪ್ರಶ್ನೆ (ವಿದ್ಯಾರ್ಥಿನಿ, ಮಲ್ಪೆ):
ನಮ್ಮ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾದಿಂದಾದವು ಎಂದು ಓದಿದ್ದೇನೆ. ಭೂಫಲಕಗಳ ಅಂಚಿನಲ್ಲಿ ಜ್ವಾಲಾಮುಖಿಗಳು ಹುಟ್ಟುವುದು ಅರ್ಥವಾಗುತ್ತದೆ. ಆದರೆ ಯಾವ ಅಂಚಿನಿಂದಲೂ 3,000 ಕಿ.ಮೀ.ಗೂ ಹೆಚ್ಚು ದೂರವಿರುವ ಹವಾಯಿಯಲ್ಲಿ, ಅಥವಾ ನಮ್ಮ ಕರಾವಳಿಯಲ್ಲಿ, ಅವು ಹೇಗೆ ಉಂಟಾದವು? ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಶಿಲಾಪದರವಾದ ಮ್ಯಾಂಟಲ್ ಘನವಾಗಿದೆಯೆಂದ ಮೇಲೆ ಅದು ಹರಿಯುವುದಾದರೂ ಹೇಗೆ, ಕರಗುವುದಾದರೂ ಏಕೆ?

ಉತ್ತರ (ಭೂವಿಜ್ಞಾನ ಅಧ್ಯಾಪಕ, ಮಂಗಳೂರು):
ಮ್ಯಾಂಟಲ್ ಘನವೇ ಹೌದು. ಆದರೂ ಅಷ್ಟು ಉಷ್ಣದಲ್ಲಿ ಶಿಲೆಯ ಹರಳುಗಳು ಮೆಲ್ಲಮೆಲ್ಲನೆ ರೂಪ ಬದಲಿಸುವುದರಿಂದ, ಅದು ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ಹರಿಯುತ್ತದೆ. ಸುಮಾರು 2,900 ಕಿ.ಮೀ. ಆಳದಲ್ಲಿ, ಭೂಮಿಯ ತಿರುಳಿನ ಶಾಖ ತಗಲುವ ಮ್ಯಾಂಟಲ್‌ನ ತಳದಲ್ಲಿ ಬಿಸಿಯೇರಿದ ಶಿಲೆ ಹಿಗ್ಗಿ, ಸುತ್ತಲಿನ ಶಿಲೆಗಿಂತ ಹಗುರವಾಗಿ ಮೇಲೇರುತ್ತದೆ. ಇದೇ ಮ್ಯಾಂಟಲ್ ಪ್ಲೂಮ್. ಅದು ಕರಗುವುದು ದಾರಿಯಲ್ಲಿ ಹೊಸ ಶಾಖ ದೊರೆತುದರಿಂದಲ್ಲ. ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಒತ್ತಡದೊಂದಿಗೆ ಶಿಲೆ ಕರಗುವ ಉಷ್ಣಾಂಶವೂ ಇಳಿಯುತ್ತದೆ. ಪಠ್ಯಗಳು ಅವಸರದಲ್ಲಿ ದಾಟಿಬಿಡುವ ಈ ಅಂಶವೇ ಇಡೀ ವಿಷಯದ ಕೀಲಿ ಎಂಬುದು ನನ್ನ ಅಭಿಪ್ರಾಯ. ಫಲಕದ ಅಡಿಯನ್ನು ಸಮೀಪಿಸುವಾಗ ಶಿಲೆಯ ಸಣ್ಣ ಪಾಲು ಕರಗಿ, ಶಿಲಾಪಾಕವಾಗಿ ಬಿರುಕುಗಳ ಮೂಲಕ ಹೊರಬರುತ್ತದೆ.

ಪ್ಲೂಮ್ ಬಹುಮಟ್ಟಿಗೆ ಇದ್ದಲ್ಲಿಯೇ ಇದ್ದು ಮೇಲಿನ ಫಲಕ ಸರಿಯುವುದರಿಂದ ದ್ವೀಪಗಳ ಸಾಲು ಮೂಡುತ್ತದೆ. ಹವಾಯಿ ಸಾಲಿನ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ. ಆಗ್ನೇಯ ತುದಿಯ ಕಿಲಾವೇಯಾ ಜ್ವಾಲಾಮುಖಿ ಇಂದಿಗೂ ಸಕ್ರಿಯ. ಈ ಸಾಲನ್ನು 1963ರಲ್ಲಿ ಭೂವಿಜ್ಞಾನಿ ಟೂಜೊ ವಿಲ್ಸನ್ ಹೀಗೆ ವಿವರಿಸಿದರು. ಆಳದ ಪ್ಲೂಮ್‌ನ ಕಲ್ಪನೆಯನ್ನು 1971ರಲ್ಲಿ ಭೂಭೌತವಿಜ್ಞಾನಿ ಜೇಸನ್ ಮಾರ್ಗನ್ ಮುಂದಿಟ್ಟರು.

ಉತ್ತರ (ಓದುಗರು, ಉಡುಪಿ):
ಅಧ್ಯಾಪಕರ ಮಾತಿಗೆ ಒಂದು ಸೇರ್ಪಡೆ. ಸೇಂಟ್ ಮೇರೀಸ್ ದ್ವೀಪವನ್ನು ಹವಾಯಿಯ ಸಾಲಿಗೆ ಸೇರಿಸಬಾರದು. ಅಲ್ಲಿ ಲಾವಾ ಹರಿದ ಕಾಲಕ್ಕೆ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಕಳಚಿಕೊಳ್ಳುತ್ತಿತ್ತು. ಎಂದರೆ ಅಂಚೇ ಇಲ್ಲಿ ಹುಟ್ಟುತ್ತಿತ್ತು. ಆ ಸೀಳಿಕೆಗೆ ಮರಿಯನ್ ಹಾಟ್‌ಸ್ಪಾಟಿನ (ಪ್ಲೂಮ್‌ನಂಥ ಶಾಖದ ನೆಲೆಯ) ಶಾಖವೂ ಜೊತೆಗೂಡಿತೆಂದು ಅನೇಕ ಭೂವಿಜ್ಞಾನಿಗಳು ಭಾವಿಸುತ್ತಾರೆ. ಶಿಲೆಯೂ ಹವಾಯಿಯ ಬಸಾಲ್ಟ್ ಅಲ್ಲ, ಸಿಲಿಕಾ ಹೆಚ್ಚಿರುವ ಬಗೆಯದು. ಭಾರತಕ್ಕೆ ಸಂಬಂಧಿಸಿದಂತೆ ಹೆಚ್ಚು ಒಪ್ಪುವ ಉದಾಹರಣೆ ಹಿಂದೂ ಮಹಾಸಾಗರದ ರಿಯೂನಿಯನ್ ಹಾಟ್‌ಸ್ಪಾಟ್: ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರಸ್ಥಭೂಮಿಯ ಲಾವಾ ಹಾಸುಗಳಿಗೆ ಕಾರಣವಾಯಿತೆನ್ನಲಾದ ಆ ಹಾಟ್‌ಸ್ಪಾಟ್, ಭಾರತ ಉತ್ತರಕ್ಕೆ ಸರಿದಂತೆ ಲಕ್ಷದ್ವೀಪ–ಮಾಲ್ಡೀವ್ಸ್ ಸಾಲಿಗೆ ಬುನಾದಿ ಹಾಕಿ, ಈಗ ರಿಯೂನಿಯನ್ ದ್ವೀಪದ ಪಿಟೊನ್ ದ ಲಾ ಫುರ್ನೇಸ್ ಜ್ವಾಲಾಮುಖಿಯಲ್ಲಿ ಪದೇ ಪದೇ ಲಾವಾ ಉಗುಳುತ್ತಿದೆ.

ಮರುಪ್ರಶ್ನೆ (ವಿದ್ಯಾರ್ಥಿನಿ, ಮಲ್ಪೆ):
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸರ್, ಅಂಚಿನಿಂದ ದೂರವಿರುವ ಪ್ರತಿಯೊಂದು ಜ್ವಾಲಾಮುಖಿಯ ಕೆಳಗೂ ಪ್ಲೂಮ್ ಇರಲೇಬೇಕೇ?

ಉತ್ತರ (ಭೂವಿಜ್ಞಾನ ಅಧ್ಯಾಪಕ, ಮಂಗಳೂರು):
ಇರಬೇಕಿಲ್ಲ. ಜಪಾನಿನ ಪೂರ್ವಕ್ಕೆ, ಪೆಸಿಫಿಕ್ ಫಲಕವು ಆಳಸಮುದ್ರದ ಕಂದಕಕ್ಕೆ ಇಳಿಯುವ ಮೊದಲು ಬಾಗುವ ಭಾಗದಲ್ಲಿ, ಅಡಿಯಲ್ಲಿ ಮೊದಲೇ ಇದ್ದ ಅಲ್ಪ ಶಿಲಾಪಾಕ ಬಿರುಕುಗಳಲ್ಲಿ ಏರಿ ಸಮುದ್ರತಳದಲ್ಲಿ ಪುಟ್ಟ ಜ್ವಾಲಾಮುಖಿಗಳನ್ನು ಮಾಡಿದೆ; ಅಲ್ಲಿ ಪ್ಲೂಮ್‌ನ ಅಗತ್ಯವೇ ಬಿದ್ದಿಲ್ಲ.