ಸಹಾಯ ಬೇಕು: ಟಿಒಟಿ ಟೇಪ್ ಹಾಕಿದ ಮೇಲೆ ತೊಡೆಸಂದಿನ ನರನೋವು

ಕೆಮ್ಮಿದಾಗ ಮೂತ್ರ ಸೋರುವುದಕ್ಕೆ ಟಿಒಟಿ ಟೇಪ್ (ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿ) ಹಾಕಿಸಿಕೊಂಡವರೊಬ್ಬರಿಗೆ ಆರು ತಿಂಗಳಾದರೂ ಎಡ ತೊಡೆಯ ಒಳಭಾಗದಲ್ಲಿ ಉರಿ, ಚುಚ್ಚುನೋವು. ಕಾಲು ಅಗಲಿಸಿದರೆ ಇನ್ನೂ ಹೆಚ್ಚು. ಈ ಪಾಲಿಪ್ರೊಪಿಲೀನ್ ಪಟ್ಟಿ ಸೊಂಟದ ಮೂಳೆಯಲ್ಲಿರುವ ಆಬ್ಚುರೇಟರ್ ರಂಧ್ರ ದಾಟಿ ತೊಡೆಸಂದಿಗೆ ಬರುವುದರಿಂದ, ಅಲ್ಲಿಂದಲೇ ತೊಡೆಯ ಒಳಭಾಗಕ್ಕೆ ಹೋಗುವ ಆಬ್ಚುರೇಟರ್ ನರದ ಮೇಲೆಯೇ ಮೊದಲ ಅನುಮಾನ. ಕೂತಾಗ ಹೆಚ್ಚಾಗಿ, ಕಮೋಡ್ ಮೇಲೆ ಕೂತರೆ ತಗ್ಗುವ ನೋವಾಗಿದ್ದರೆ ಪುಡೆಂಡಲ್ ನರ (ಜನನಾಂಗ, ಗುದದ ಸುತ್ತಿನ ನರ) ಎನ್ನಬಹುದಿತ್ತು, ಇಲ್ಲಿ ಹಾಗಿಲ್ಲ.

ಅಲ್ಟ್ರಾಸೌಂಡ್ ನೋಡಿಕೊಂಡು ಆಬ್ಚುರೇಟರ್ ನರಕ್ಕೆ ಬ್ಲಾಕ್ (ನರ ಮರಗಟ್ಟಿಸುವ ಚುಚ್ಚುಮದ್ದು) ಕೊಡುವ ನೋವು ತಜ್ಞರು ಬೇಕು. ಮರಗಟ್ಟಿಸುವ ಮದ್ದು ಕೆಲಸ ಮಾಡುವಷ್ಟು ಹೊತ್ತು ನೋವು ನಿಂತರೆ ಅನುಮಾನಕ್ಕೆ ಬಲ ಬರುತ್ತದೆ. ಟೇಪ್ ತೆಗೆಯುವುದಾದರೆ, ಯೋನಿಯ ಕಡೆಯ ತುಂಡಷ್ಟೇ ತೆಗೆದು ತೊಡೆಯೊಳಗಿನದನ್ನು ಬಿಟ್ಟರೆ ನೋವು ಉಳಿಯಬಹುದು. ತೊಡೆಸಂದಿಯಿಂದಲೂ ಬಿಡಿಸಿ ಪೂರ್ತಿ ತೆಗೆದ ಅನುಭವವಿರುವ ಯೂರೋಗೈನಕಾಲಜಿಸ್ಟ್ (ಮಹಿಳೆಯರ ಮೂತ್ರ ತೊಂದರೆಗಳ ತಜ್ಞರು) ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಟೇಪ್ ತೆಗೆದರೆ ಸೋರುವಿಕೆ ಮರಳಬಹುದೆಂದು ನೋವಿರುವವರಿಗೆ ಗೊತ್ತಿದೆ.